ಗುಂಡಿನ ಅಳತೆಯ ಯಂತ್ರ: ಕೊಳ್ಳುವ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳು

ಸಣ್ಣ ಉದ್ದಿಮೆದಾರನು ಹೊಸ ಯಂತ್ರವೊಂದನ್ನು ಕೊಳ್ಳಲು ಹೊರಟಾಗ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದರ ಬೆಲೆಯನ್ನು; ಅನಂತರ ಯಾವ ಕಂಪನಿಯದು, ಬಿಡಿಭಾಗ ಸಿಗುತ್ತದೆಯೇ, ಬ್ಯಾಂಕಿನಿಂದ ಸಾಲ ಎಷ್ಟು ದೊರೆಯುತ್ತದೆ ಎಂಬುದನ್ನು. ಈ ಯಂತ್ರಕ್ಕೆ ನಮ್ಮ ಊರಿನಲ್ಲಿ ಕೆಲಸವಿದೆಯೇ, ಇದನ್ನು ಇಟ್ಟುಕೊಳ್ಳಲು ಕಾನೂನಿನ ಅನುಮತಿ ಇದೆಯೇ, ಇದರ ದುಡಿಮೆ ಇದರ ಖರ್ಚನ್ನು ಹೊರುತ್ತದೆಯೇ ಎಂಬ ಮೂರು ಪ್ರಶ್ನೆಗಳು ಬಹುಮಟ್ಟಿಗೆ ಯಂತ್ರವು ಶೆಡ್ಡಿಗೆ ಬಂದಿಳಿದ ಮೇಲೆಯೇ ಹುಟ್ಟುತ್ತವೆ. ಈ ಕ್ರಮವು ತಲೆಕೆಳಗಾದರೆ ಏನಾಗುತ್ತದೆ ಎಂಬುದನ್ನು ತೋರಿಸಲು ಒಂದು ವಿಶಿಷ್ಟ ಉದಾಹರಣೆಯನ್ನು ಈ ಲೇಖನದಲ್ಲಿ ಎತ್ತಿಕೊಂಡಿದ್ದೇನೆ. ಅದು ಸೀಸದ ಎರಕದ ಗುಂಡುಗಳನ್ನು ನಿಗದಿತ ಅಳತೆಗೆ ತಂದು ಅವುಗಳಿಗೆ ಮೇಣ ತುಂಬುವ ಪುಟ್ಟ ಯಂತ್ರ.

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ಹಾದಿಯ ಬಾಳೂರಿನ ಸುತ್ತ, ಹಾಗೆಯೇ ಮೂಡಿಗೆರೆ-ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಕೋವಿ ಎಂಬುದು ಅಪರೂಪದ ವಸ್ತುವಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಅಥವಾ ಜೋಡು ನಳಿಗೆಯ ಕೋವಿ ಅನೇಕ ಮನೆಗಳಲ್ಲಿದೆ. ತೋಟೆ ಬೇಕಾದರೆ ಪರವಾನಗಿ ಹೊಂದಿದ ಅಂಗಡಿಗಾಗಿ ದೂರದ ಪಟ್ಟಣಕ್ಕೇ ಹೋಗಬೇಕು. ಹೋದಾಗ ದಾಸ್ತಾನು ಇರುತ್ತದೆ ಎಂಬ ಖಾತರಿಯೂ ಇಲ್ಲ. ಇನ್ನೊಂದು ಕಡೆ, ಪಲ್ಪರ್ ದುರಸ್ತಿ, ಮೋಟಾರು ರಿಪೇರಿ, ಗೇಟು-ಗ್ರಿಲ್ಲುಗಳ ಕೆಲಸವನ್ನು ನಂಬಿ ಬದುಕುವ ನಮ್ಮ ಲೇತ್ ಕಾರ್ಯಾಗಾರಗಳಿಗೆ ಮಳೆಗಾಲದ ನಾಲ್ಕು ತಿಂಗಳು ಕೈ ತುಂಬ ಕೆಲಸವಿರುವುದಿಲ್ಲ. ಈ ಎರಡೂ ಸಂಗತಿಗಳನ್ನು ಕೂಡಿಸಿ, "ಅಮೆರಿಕದಲ್ಲಿ ಜನರು ಮನೆಯಲ್ಲಿಯೇ ಗುಂಡು ಎರಕ ಹೊಯ್ದು ಯಂತ್ರದಲ್ಲಿ ಅಳತೆಗೆ ತರುತ್ತಾರಂತೆ, ಆ ಯಂತ್ರವನ್ನು ನಾವೇಕೆ ತರಿಸಬಾರದು ಅಥವಾ ನಾವೇ ಏಕೆ ತಯಾರಿಸಬಾರದು?" ಎಂಬ ವಿಚಾರವು ಒಬ್ಬ ಚುರುಕು ಬುದ್ಧಿಯ ಉದ್ದಿಮೆದಾರನಿಗೆ ಹೊಳೆಯುವುದು ಸಹಜವೇ ಆಗಿದೆ. ಪ್ರಶ್ನೆಯು ನ್ಯಾಯವಾದುದರಿಂದ ಉತ್ತರವನ್ನೂ ಲೆಕ್ಕದ ಸಮೇತ ಕೊಡಬೇಕು.

ಯಂತ್ರದ ಪರಿಚಯ

ಸೀಸವು 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಕರಗಿದ ಸೀಸಕ್ಕೆ ತವರ, ಆಂಟಿಮನಿಗಳನ್ನು ಬೆರೆಸಿ ಅಚ್ಚಿಗೆ ಸುರಿದರೆ ಗುಂಡು ಸಿದ್ಧವಾಗುತ್ತದೆ. ಆದರೆ ಅಚ್ಚಿನಿಂದ ಬಂದ ಗುಂಡುಗಳೆಲ್ಲ ಒಂದೇ ಅಳತೆಯವಾಗಿರುವುದಿಲ್ಲ. ಮಿಶ್ರಲೋಹದ ಪ್ರಮಾಣ, ಅಚ್ಚಿನ ಬಿಸಿ, ಸುರಿಯುವವನ ಕೈ ಇವುಗಳಿಗೆ ತಕ್ಕಂತೆ ಇಂಚಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಹೆಚ್ಚುಕಡಿಮೆಯಾಗುತ್ತದೆ. ರೈಫಲಿನ ಅಥವಾ ಪಿಸ್ತೂಲಿನ ನಳಿಗೆಯೊಳಗೆ ಸುರುಳಿಯಾಕಾರದ ಗೆರೆಗಳನ್ನು ಕೊರೆದಿರುತ್ತಾರೆ. ಎರಕದ ಗುಂಡು ಆ ಗೆರೆಗಳ ತಳದ ಅಳತೆಗಿಂತ ಇಂಚಿನ ಸಾವಿರದಲ್ಲಿ ಒಂದು ಭಾಗದಷ್ಟು ದಪ್ಪವಿರಬೇಕೆಂಬುದು ರೂಢಿಯ ನಿಯಮ. ತೆಳುವಾದರೆ ಬಿಸಿ ಅನಿಲವು ಪಕ್ಕದಿಂದ ನುಗ್ಗಿ ಸೀಸವು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಅತಿ ದಪ್ಪವಾದರೆ ತೋಟೆಯು ಕೋವಿಯೊಳಗೆ ಸರಿಯಾಗಿ ಕೂರುವುದಿಲ್ಲ. ಆದುದರಿಂದ ಗುಂಡನ್ನು ನಿಖರ ಅಳತೆಯ ಉಕ್ಕಿನ ಡೈ ಮೂಲಕ ಒತ್ತಿ ತೆಗೆಯುತ್ತಾರೆ. ಅದೇ ಸಮಯದಲ್ಲಿ ಗುಂಡಿನ ಸುತ್ತಲಿನ ಕಾಲುವೆಗಳಿಗೆ ಜೇನುಮೇಣ ಮೊದಲಾದವುಗಳಿಂದ ಮಾಡಿದ ಜಾರುಮೇಣವನ್ನು ಒತ್ತಡದಿಂದ ತುಂಬುತ್ತಾರೆ. ಈ ಎರಡು ಕೆಲಸಗಳನ್ನು ಮಾಡುವುದೇ ನಾವು ಚರ್ಚಿಸುತ್ತಿರುವ ಯಂತ್ರ.

ಇವುಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ಮೊದಲನೆಯದು, ಲೀ ಕಂಪನಿಯ ಮಾದರಿಯಂತೆ, ಒಂದು ಸಾಧಾರಣ ಕೈಪ್ರೆಸ್ಸಿಗೆ ಡೈ ಜೋಡಿಸಿ ಗುಂಡನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ದಾಟಿಸುವುದು. ಇಲ್ಲಿ ಮೇಣವನ್ನು ಪ್ರತ್ಯೇಕವಾಗಿ, ದ್ರವರೂಪದಲ್ಲಿ ಲೇಪಿಸಬೇಕು. ಬಂಡವಾಳ ಕಡಿಮೆ, ಕೈಕೆಲಸ ಹೆಚ್ಚು. ಎರಡನೆಯದು, ಲೈಮನ್ ಮತ್ತು ಆರ್‌ಸಿಬಿಎಸ್ ಕಂಪನಿಗಳ ಸನ್ನೆಯ ಯಂತ್ರ. ಗುಂಡನ್ನು ಮೇಲಿನಿಂದ ಡೈಯೊಳಗೆ ಒತ್ತಿ, ಮೇಣ ತುಂಬಿದ ಮೇಲೆ ಬಂದ ದಾರಿಯಲ್ಲಿಯೇ ಮೇಲಕ್ಕೆತ್ತಿ ಹೊರತೆಗೆಯಬೇಕು. ಗುಂಡಿನ ತಳಕ್ಕೆ ತಾಮ್ರದ ಪುಟ್ಟ ತಟ್ಟೆ ಕೂರಿಸುವ ಕೆಲಸಕ್ಕೆ ಇದು ಅನುಕೂಲ. ಆದರೆ ಒಂದೊಂದು ಗುಂಡಿಗೂ ಹೋಗಿ ಬರುವ ಎರಡು ಚಲನೆ ಬೇಕಾಗುವುದರಿಂದ ನಿಧಾನ. ಮೂರನೆಯದು ಸ್ಟಾರ್ ಮಾದರಿ. ಇದರಲ್ಲಿ ಒಂದು ಗುಂಡು ಮತ್ತೊಂದನ್ನು ಕೆಳಕ್ಕೆ ತಳ್ಳುತ್ತ ಹೋಗುವುದರಿಂದ ಕೆಲಸ ಬೇಗ ಸಾಗುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಮೇಲಿರುತ್ತದೆ. ಗಟ್ಟಿ ಮೇಣ ಬಳಸುವುದಾದರೆ ಬಿಸಿ ಮಾಡುವ ವಿದ್ಯುತ್ ಸಾಧನವೂ ಬೇಕು. ಮೂರೂ ಬಗೆಗಳಲ್ಲಿ ಪ್ರತಿಯೊಂದು ಅಳತೆಗೂ ಬೇರೆ ಡೈ ಬೇಕಾಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಕೇವಲ ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇವುಗಳಲ್ಲಿ ಒಂದನ್ನು ಆರಿಸುವುದು ಕಠಿಣವಲ್ಲ. ಸ್ವಲ್ಪ ಗುಂಡು ಬೇಕಾದವನಿಗೆ ಮೊದಲನೆಯದು, ಬಗೆಬಗೆಯ ಗುಂಡು ಬೇಕಾದವನಿಗೆ ಎರಡನೆಯದು, ಒಂದೇ ಬಗೆಯ ಗುಂಡು ರಾಶಿಗಟ್ಟಲೆ ಬೇಕಾದವನಿಗೆ ಮೂರನೆಯದು. ನಮ್ಮ ಚೆನ್ನಾದ ಲೇತ್ ಕೆಲಸಗಾರನು ಇಂತಹ ಡೈಯನ್ನು ತಾನೇ ಕಡೆದು ಕೊಡಬಲ್ಲ ಎಂಬುದೂ ಸತ್ಯ. ಆದರೆ ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಈಗ ಒಂದೊಂದಾಗಿ ಕೇಳೋಣ.

ಮೊದಲನೆಯ ಪ್ರಶ್ನೆ: ಈ ಯಂತ್ರಕ್ಕೆ ಇಲ್ಲಿ ಕೆಲಸವಿದೆಯೇ?

ತೋಟದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಹನ್ನೆರಡು ಬೋರಿನ ಕೋವಿ. 'ಹನ್ನೆರಡು ಬೋರು' ಎಂಬ ಮಾತಿನ ಅರ್ಥವೇ ಕುತೂಹಲಕರವಾಗಿದೆ. ನಳಿಗೆಯ ಒಳ ಅಳತೆಗೆ ಸರಿಹೊಂದುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತವೆ ಎಂಬುದರಿಂದ ಆ ಹೆಸರು ಬಂದಿದೆ. ಅಳತೆಯಲ್ಲಿ ಇದು ಸುಮಾರು 18.5 ಮಿಲಿಮೀಟರ್. ಈ ಕೋವಿಯ ನಳಿಗೆಯ ಒಳಮೈ ನುಣುಪಾಗಿರುತ್ತದೆ, ಅದರಲ್ಲಿ ಸುರುಳಿ ಗೆರೆಗಳಿಲ್ಲ. ಅದಕ್ಕೆ ಹಾಕುವ ತೋಟೆಯಲ್ಲಿ ಇರುವುದು ಸಾಮಾನ್ಯವಾಗಿ ಚರೆ. ಚರೆಯನ್ನು ಡೈಯಲ್ಲಿ ಒತ್ತಿ ಅಳತೆಗೆ ತರುವುದೂ ಇಲ್ಲ, ಕಾಲುವೆಗೆ ಮೇಣ ತುಂಬುವುದೂ ಇಲ್ಲ. ಹಳೆಯ ಕೇಪಿನ ಕೋವಿಗೂ ಮಾತು ಇದೇ. ಅಂದರೆ ನಮ್ಮ ಸೀಮೆಯ ಕೋವಿಗಳ ಬಹುಪಾಲಿಗೆ ಈ ಯಂತ್ರದ ಅಗತ್ಯವೇ ಇಲ್ಲ. ಅದು ಗೆರೆ ಕೊರೆದ ನಳಿಗೆಯ ರೈಫಲು, ಪಿಸ್ತೂಲು, ರಿವಾಲ್ವರುಗಳಿಗೆಂದು ಹುಟ್ಟಿದ ಯಂತ್ರ.

ಹಾಗಾದರೆ ದೊಡ್ಡ ಕಾರ್ಖಾನೆಗಳು ಇದನ್ನು ಕೊಳ್ಳಬಹುದೇ ಎಂದರೆ ಅದೂ ಇಲ್ಲ. ಕಾರ್ಖಾನೆಯ ರೈಫಲ್ ಗುಂಡಿಗೆ ಸಾಮಾನ್ಯವಾಗಿ ತಾಮ್ರದ ಮಿಶ್ರಲೋಹದ ಹೊದಿಕೆ ಇರುತ್ತದೆ. ಒಳಗಿನ ಸೀಸವನ್ನು ಎರಕ ಹೊಯ್ಯುವ ಬದಲು ಪ್ರೆಸ್ಸಿನಲ್ಲಿ ಒತ್ತಿ ರೂಪಿಸುತ್ತಾರೆ. ಸರ್ಕಾರದ ಆರ್ಡನೆನ್ಸ್ ಕಾರ್ಖಾನೆಗಳ ಮಂಡಳಿಯು 2021ರ ಅಕ್ಟೋಬರ್ 1ರಂದು ವಿಸರ್ಜನೆಗೊಂಡು ಏಳು ಸಾರ್ವಜನಿಕ ಕಂಪನಿಗಳಾದ ಮೇಲೆ ಮದ್ದುಗುಂಡಿನ ಕಾರ್ಖಾನೆಗಳು ಪುಣೆಯ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿ ಬಂದಿವೆ. ಖಾಸಗಿ ವಲಯದಲ್ಲಿ 2024ರ ಫೆಬ್ರುವರಿಯಲ್ಲಿ ಅದಾನಿ ಡಿಫೆನ್ಸ್ ಸಂಸ್ಥೆಯ ಮದ್ದುಗುಂಡು ಕಾರ್ಖಾನೆ ಕಾನ್ಪುರದಲ್ಲಿ ಆರಂಭವಾಯಿತು. ಅಂತಹ ಕಡೆಗಳಲ್ಲಿ ಸನ್ನೆ ಎಳೆಯುವ ಕೈಯಂತ್ರಕ್ಕೆ ಸ್ಥಾನವಿಲ್ಲ. ಅಮೆರಿಕದಲ್ಲಿ ಈ ಯಂತ್ರವು ಬಾಳಿರುವುದು ಮುಖ್ಯವಾಗಿ ಹವ್ಯಾಸಿ ಗುರಿಕಾರರ ಮತ್ತು ಅವರಿಗೆ ಗುಂಡು ಪೂರೈಸುವ ಸಣ್ಣ ತಯಾರಕರ ಬಲದಿಂದ. ಮನೆಯಲ್ಲಿ ತೋಟೆ ಕಟ್ಟಿಕೊಳ್ಳುವ ಆ ಬಗೆಯ ಸಮುದಾಯವೊಂದು ನಮ್ಮಲ್ಲಿ ಬೆಳೆದೇ ಇಲ್ಲ. ಬೇರೆ ದೇಶದ ಗಿರಾಕಿಯನ್ನು ನೋಡಿ ನಮ್ಮ ದೇಶದಲ್ಲಿ ಅಂಗಡಿ ತೆರೆಯುವುದು ವಿವೇಕವಲ್ಲ.

ಎರಡನೆಯ ಪ್ರಶ್ನೆ: ಕಾನೂನು ಏನು ಹೇಳುತ್ತದೆ?

ಇಲ್ಲಿ ನಮ್ಮ ಅನೇಕ ಉದ್ದಿಮೆದಾರರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಮದ್ದಿಲ್ಲದ, ಕೇಪಿಲ್ಲದ ಬರಿಯ ಸೀಸದ ತುಂಡು ಹೇಗೆ ಮದ್ದುಗುಂಡಾಗುತ್ತದೆ, ಅದನ್ನು ಒತ್ತುವ ಕಬ್ಬಿಣದ ಯಂತ್ರಕ್ಕೂ ಆಯುಧ ಕಾಯ್ದೆಗೂ ಏನು ಸಂಬಂಧ ಎಂಬುದೇ ಆ ಕಲ್ಪನೆ. 1959ರ ಆಯುಧ ಕಾಯ್ದೆಯ 2ನೇ ಕಲಮಿನಲ್ಲಿ 'ಮದ್ದುಗುಂಡು' ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯನ್ನು ಓದಿದರೆ ಈ ಭ್ರಮೆ ಹರಿಯುತ್ತದೆ. ಮದ್ದುಗುಂಡಿನ ಭಾಗಗಳು ಹಾಗೂ ಮದ್ದುಗುಂಡನ್ನು ತಯಾರಿಸುವ ಯಂತ್ರೋಪಕರಣಗಳು ಕೂಡ ಆ ವ್ಯಾಖ್ಯೆಯೊಳಗೆ ಸೇರಿವೆ. ಅಂದರೆ ಶಾಸನದ ಕಣ್ಣಿನಲ್ಲಿ ಗುಂಡು ಮಾತ್ರವಲ್ಲ, ಗುಂಡನ್ನು ಅಳತೆಗೆ ತರುವ ಯಂತ್ರವೂ ಮದ್ದುಗುಂಡಿನ ಲೆಕ್ಕಕ್ಕೇ ಬೀಳುತ್ತದೆ.

ಇದರ ಪರಿಣಾಮಗಳು ಗಂಭೀರವಾಗಿವೆ. ಕಾಯ್ದೆಯ 3ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಅಗ್ನ್ಯಾಯುಧವನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವಂತಿಲ್ಲ. 5ನೇ ಕಲಮಿನ ಪ್ರಕಾರ ಅವುಗಳನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. 10ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಹೊರದೇಶದಿಂದ ತರಿಸುವಂತಿಲ್ಲ. 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಅನಂತರ, ಪರವಾನಗಿ ಇಲ್ಲದ ತಯಾರಿಕೆ ಹಾಗೂ ಮಾರಾಟಕ್ಕೆ 25ನೇ ಕಲಮಿನಡಿ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದಾಗಿದೆ; ಮೊದಲು ಇದು ಮೂರರಿಂದ ಏಳು ವರ್ಷದವರೆಗೆ ಇತ್ತು. ತೋಟದ ಕೋವಿಗೆ ಪಡೆದ ಪರವಾನಗಿಯು ಆ ಕೋವಿಯನ್ನೂ ಅದರ ತೋಟೆಗಳನ್ನೂ ಇಟ್ಟುಕೊಳ್ಳುವುದಕ್ಕೆ ಮಾತ್ರ ಅನ್ವಯಿಸುತ್ತದೆ; ಅದನ್ನು ತೋರಿಸಿ ಗುಂಡು ತಯಾರಿಸಲು ಬರುವುದಿಲ್ಲ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ, 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು, ಮದ್ದುಗುಂಡಿನ ತಯಾರಿಕೆಗೆ ಸಂಬಂಧಿಸಿದ್ದಲ್ಲ. ಚಿಕ್ಕಮಗಳೂರು ಜಿಲ್ಲೆಯ ಬೆಳೆಗಾರರಿಗಂತೂ ಅದು ಅನ್ವಯವೇ ಆಗುವುದಿಲ್ಲ.

ಇದೇ 5ನೇ ಕಲಮಿನಲ್ಲಿ ನಮ್ಮ ಕಾರ್ಯಾಗಾರಗಳು ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ಅಗ್ನ್ಯಾಯುಧದ ದುರಸ್ತಿ ಹಾಗೂ ಪರೀಕ್ಷೆಗೂ ಪರವಾನಗಿ ಬೇಕು. "ಕೋವಿಯ ಕುದುರೆ ಸಡಿಲವಾಗಿದೆ, ಸ್ವಲ್ಪ ನೋಡಿಕೊಡಿ" ಎಂದು ಪರಿಚಿತ ಬೆಳೆಗಾರರು ಲೇತ್ ಅಂಗಡಿಗೆ ತಂದಾಗ, ದಾಕ್ಷಿಣ್ಯಕ್ಕೆ ಕೈ ಹಾಕುವವನು ಕಾಯ್ದೆಯ ಎದುರು ನಿರುತ್ತರನಾಗಬೇಕಾಗುತ್ತದೆ. ನಳಿಗೆಯನ್ನು ಕತ್ತರಿಸಿ ಮೊಟಕು ಮಾಡುವುದಕ್ಕೆ 6ನೇ ಕಲಮಿನಲ್ಲಿ ಪ್ರತ್ಯೇಕ ನಿರ್ಬಂಧವೇ ಇದೆ. ಇಂತಹ ಕೆಲಸವನ್ನು ವಿನಯದಿಂದ ನಿರಾಕರಿಸಿ, ಪರವಾನಗಿ ಉಳ್ಳ ದುರಸ್ತಿಗಾರರ ಬಳಿಗೆ ಕಳುಹಿಸುವುದೇ ಕ್ಷೇಮ.

ಯಂತ್ರವನ್ನು ಅಂಚೆ ಅಥವಾ ಕೊರಿಯರ್ ಮೂಲಕ 'ಕೈಪ್ರೆಸ್' ಎಂದು ಬರೆಸಿ ತರಿಸಿಕೊಳ್ಳಬಹುದೆಂಬ ಸಲಹೆಯೂ ಕೇಳಿಬರುತ್ತದೆ. ಸರಕಿನ ವಿವರವನ್ನು ಸುಳ್ಳಾಗಿ ಘೋಷಿಸಿದರೆ 1962ರ ಸುಂಕ ಕಾಯ್ದೆಯಡಿ ಸರಕು ಮುಟ್ಟುಗೋಲಾಗುತ್ತದೆ, ದಂಡ ಬೇರೆ ಬೀಳುತ್ತದೆ. ಉಳಿದಂತೆ ಗುಂಡೊಂದರಿಂದಲೇ ತೋಟೆಯಾಗುವುದಿಲ್ಲ. ಮದ್ದು, ಕೇಪುಗಳು 1884ರ ಸ್ಫೋಟಕ ಕಾಯ್ದೆ ಹಾಗೂ 2008ರ ಸ್ಫೋಟಕ ನಿಯಮಗಳ ಹಿಡಿತಕ್ಕೂ ಒಳಪಟ್ಟಿವೆ. ಗುಂಡು ಮಾತ್ರ ಮಾಡುತ್ತೇನೆ ಎನ್ನುವವನಿಗೆ ಅದನ್ನು ನ್ಯಾಯಬದ್ಧವಾಗಿ ಕೊಳ್ಳುವ ಗಿರಾಕಿ ಯಾರೆಂಬ ಪ್ರಶ್ನೆ ಎದುರಾಗುತ್ತದೆ.

ಮೂರನೆಯ ಪ್ರಶ್ನೆ: ಲೆಕ್ಕ ಹೊರುತ್ತದೆಯೇ?

ಕಾನೂನಿನ ಮಾತನ್ನು ಒಂದು ಕ್ಷಣ ಬದಿಗಿಟ್ಟು, ಪರವಾನಗಿ ಇದೆ ಎಂದೇ ಭಾವಿಸಿ ಲೆಕ್ಕ ಹಾಕೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು. ಯಂತ್ರಕ್ಕೆ 60,000 ರೂಪಾಯಿ, ಡೈ ಮತ್ತು ಅಚ್ಚುಗಳಿಗೆ 50,000, ಸೀಸ ಕರಗಿಸುವ ಒಲೆ ಹಾಗೂ ಹೊಗೆ ಹೊರಹಾಕುವ ವ್ಯವಸ್ಥೆಗೆ 40,000 ಎಂದರೆ ಒಟ್ಟು ಬಂಡವಾಳ 1,50,000 ರೂಪಾಯಿ. ಶೇಕಡಾ 10ರಂತೆ ಬಡ್ಡಿ 15,000, ಶೇಕಡಾ 15ರಂತೆ ಸವಕಳಿ 22,500, ಬಾಡಿಗೆ-ವಿದ್ಯುತ್ ಮೊದಲಾದವು 12,500 ಎಂದರೆ ವರ್ಷದ ಸ್ಥಿರ ವೆಚ್ಚ 50,000 ರೂಪಾಯಿ. ಸೀಸ, ಮೇಣ, ಕೂಲಿ ಕಳೆದು ಗುಂಡೊಂದಕ್ಕೆ 10 ರೂಪಾಯಿ ಉಳಿಯುತ್ತದೆ ಎಂದುಕೊಂಡರೂ ಲಾಭ-ನಷ್ಟ ಸರಿದೂಗಬೇಕಾದರೆ ವರ್ಷಕ್ಕೆ 5,000 ಗುಂಡು ಮಾರಾಟವಾಗಬೇಕು.

ಕೋವಿಯ ಪರವಾನಗಿ ಪುಸ್ತಕದಲ್ಲಿ ಒಂದು ಸಲಕ್ಕೆ ಎಷ್ಟು ತೋಟೆ, ವರ್ಷಕ್ಕೆ ಎಷ್ಟು ತೋಟೆ ಎಂಬುದನ್ನು ನಮೂದಿಸಿರುತ್ತಾರೆ. ಒಬ್ಬ ಪರವಾನಗಿದಾರನು ವರ್ಷಕ್ಕೆ 50 ತೋಟೆ ಬಳಸುತ್ತಾನೆ ಎಂದು ಇಟ್ಟುಕೊಂಡರೆ, 5,000 ಗುಂಡಿಗೆ ಒಂದೇ ಅಳತೆಯ ರೈಫಲ್ ಉಳ್ಳ ನೂರು ಜನ ಖಾಯಂ ಗಿರಾಕಿಗಳು ಬೇಕು. ಅಳತೆಗಳು ಮೂರು-ನಾಲ್ಕಾದರೆ ಡೈ ಮತ್ತು ಅಚ್ಚಿನ ಖರ್ಚೂ ಅಷ್ಟು ಪಾಲು ಏರುತ್ತದೆ. ಹನ್ನೆರಡು ಬೋರಿನ ಕೋವಿಗಳೇ ತುಂಬಿರುವ ಸೀಮೆಯಲ್ಲಿ ಈ ಸಂಖ್ಯೆ ಎಲ್ಲಿಂದ ಬರಬೇಕು? ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿಯೋ ಪರವಾನಗಿ ಉಳ್ಳ ಅಂಗಡಿಯಲ್ಲಿಯೋ ಇಡಬೇಕಾಗುವುದರಿಂದ ಆ ತಿಂಗಳುಗಳಲ್ಲಿ ವ್ಯಾಪಾರವೂ ಇರುವುದಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಒಂದು ಮಾತು ಹೇಳಲೇಬೇಕು. ಕಾನೂನುಬಾಹಿರ ವ್ಯವಹಾರದ ಆದಾಯಕ್ಕೂ ತೆರಿಗೆ ಇದೆ. ಆದರೆ ಅಪರಾಧವೆನಿಸಿದ ಉದ್ದೇಶಕ್ಕೆ ಮಾಡಿದ ಖರ್ಚನ್ನು ಕಳೆಯಲು ಅವಕಾಶವಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನ ವಿವರಣೆಯಲ್ಲಿದ್ದ ಈ ತತ್ತ್ವವನ್ನು 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಇದಲ್ಲದೆ ಆಯುಧ ಕಾಯ್ದೆಯ 25ನೇ ಕಲಮಿನ ಅಪರಾಧವು 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅನುಸೂಚಿಯಲ್ಲಿ ಸೇರಿರುವುದರಿಂದ ಅದರಿಂದ ಬಂದ ಆಸ್ತಿಯ ಜಪ್ತಿಗೂ ದಾರಿಯಾಗುತ್ತದೆ. ಇಷ್ಟು ಅಪಾಯವನ್ನು ಹೊರುವ ಬಂಡವಾಳ 1,50,000 ರೂಪಾಯಿ ಮಾತ್ರವಲ್ಲ. ಕಾರ್ಯಾಗಾರ, ಅದರ ಹೆಸರು, ಮನೆಯವರ ನೆಮ್ಮದಿ ಎಲ್ಲವನ್ನೂ ಅದೇ ಖಾತೆಗೆ ಬರೆಯಬೇಕಾಗುತ್ತದೆ.

ಸೀಸದ ಖರ್ಚನ್ನು ಬರೆಯುವಾಗ ಆರೋಗ್ಯದ ಖರ್ಚನ್ನು ಮರೆಯುವವರೇ ಹೆಚ್ಚು. ಅಗ್ಗಕ್ಕೆ ಸಿಗುವ ಸೀಸವೆಂದರೆ ಹಳೆಯ ಬ್ಯಾಟರಿಯ ತಟ್ಟೆಗಳು. ಅವುಗಳನ್ನು ಒಡೆದು ಕರಗಿಸುವಾಗ ಏಳುವ ಧೂಳು ಮತ್ತು ಹೊಗೆ ಕೆಲಸಗಾರನ ಬಟ್ಟೆಯ ಮೂಲಕ ಮನೆಗೆ ಹೋಗುತ್ತದೆ. ಸೀಸದ ವಿಷವು ಮಕ್ಕಳ ಬುದ್ಧಿಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ನೋಂದಾಯಿತ ಮರುಬಳಕೆದಾರರ ಕೈಗೇ ಸೇರತಕ್ಕದ್ದು. ಹಿತ್ತಿಲಿನ ಒಲೆಗೆ ಈ ವ್ಯವಸ್ಥೆಯಲ್ಲಿ ಸ್ಥಾನವಿಲ್ಲ.

ಬೆಳೆಗಾರನ ಕಷ್ಟ ನಿಜವಾದುದು

ಇಷ್ಟು ಹೇಳಿದ ಮಾತ್ರಕ್ಕೆ ಬೆಳೆಗಾರನ ಅಹವಾಲು ಸುಳ್ಳಾಗುವುದಿಲ್ಲ. ಕಾಡುಹಂದಿ ಗದ್ದೆಯನ್ನು ಬುಡಮೇಲು ಮಾಡುತ್ತದೆ, ಕಾಟಿ ಗಿಡ ಮುರಿಯುತ್ತದೆ, ಆನೆಯ ಭಯದಿಂದ ಹಣ್ಣು ಕೊಯ್ಯಲು ಆಳುಗಳು ಬರುವುದಿಲ್ಲ. ಕೋವಿ ಇದ್ದರೂ ತೋಟೆ ಇಲ್ಲದೆ ಇರುವವನ ಅಸಹಾಯಕತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ತೋಟೆ ಹೆಚ್ಚಾದರೆ ಈ ಕಷ್ಟ ತೀರುತ್ತದೆ ಎಂಬುದು ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆ, ಕಾಟಿಗಳು ಮೊದಲನೆಯ ಅನುಸೂಚಿಯ ಪ್ರಾಣಿಗಳು. ಬೆಳೆಗೆ ಹಾನಿ ಮಾಡುವ ಇತರ ಪ್ರಾಣಿಗಳ ವಿಷಯದಲ್ಲಿಯೂ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಯ ಕೋವಿ ಇದೆಯೆಂದರೆ ಪ್ರಾಣಿಯನ್ನು ಕೊಲ್ಲಲು ಅನುಮತಿ ಇದೆಯೆಂದು ಅರ್ಥವಲ್ಲ. ಕಾನೂನಿನ ಚೌಕಟ್ಟಿನೊಳಗೆ ಬೆಳೆಗಾರನಿಗೆ ಬೇಕಾಗುವ ತೋಟೆಗಳು ಕೆಲವೇ. ಆ ಕೆಲವು ಸಕಾಲದಲ್ಲಿ, ನ್ಯಾಯಬೆಲೆಗೆ, ವಿಶ್ವಾಸಾರ್ಹ ಕಾರ್ಖಾನೆಯಿಂದ ಬಂದವಾಗಿ ಸಿಗಬೇಕು. ಹಳೆಯ ಕೋವಿಗೆ ಅಳತೆ ತಪ್ಪಿದ ಗುಂಡು ಹಾಕಿದರೆ ಅಪಾಯ ಮೊದಲು ತಟ್ಟುವುದು ಕೋವಿ ಹಿಡಿದವನಿಗೇ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಮಾಡಬೇಕಾದುದೇನು?

ಈ ಕ್ಷೇತ್ರಕ್ಕೆ ನಿಜವಾಗಿಯೂ ಇಳಿಯಬೇಕೆನ್ನುವ ಉದ್ದಿಮೆದಾರನಿಗೆ ಬಾಗಿಲು ಮುಚ್ಚಿಲ್ಲ. ರಕ್ಷಣಾ ಉದ್ಯಮವನ್ನು 2001ರಲ್ಲಿ ಖಾಸಗಿ ವಲಯಕ್ಕೆ ತೆರೆಯಲಾಯಿತು. 2016ರ ಆಯುಧ ನಿಯಮಗಳು ತಯಾರಿಕಾ ಪರವಾನಗಿಯ ಕ್ರಮವನ್ನು ವಿವರಿಸಿವೆ. 2017ರ ಅಕ್ಟೋಬರಿನಲ್ಲಿ ಗೃಹ ಸಚಿವಾಲಯವು ಈ ನಿಯಮಗಳನ್ನು ಸಡಿಲಗೊಳಿಸಿ, ತಯಾರಿಕಾ ಪರವಾನಗಿಯು ಕಂಪನಿಯ ಜೀವಿತಾವಧಿಗೆ ಅನ್ವಯಿಸುವಂತೆ ಮಾಡಿತು. ಶುಲ್ಕವನ್ನೂ ಬಹಳವಾಗಿ ಇಳಿಸಿತು. ಆದರೆ ಇದು ಭದ್ರತೆ, ದಾಸ್ತಾನು ಪುಸ್ತಕ, ತಪಾಸಣೆ, ಗುಣಪರೀಕ್ಷೆಗಳ ಸಮೇತ ಪೂರ್ಣ ಕಾರ್ಖಾನೆಯಾಗಿ ನಡೆಸಬೇಕಾದ ಉದ್ದಿಮೆ. ಮಳೆಗಾಲದ ಬಿಡುವಿನಲ್ಲಿ ಲೇತ್ ಅಂಗಡಿಯ ಮೂಲೆಯಲ್ಲಿ ನಡೆಸುವ ಉಪಕಸುಬಲ್ಲ. ಬಂಡವಾಳ ಮತ್ತು ತಾಳ್ಮೆ ಎರಡೂ ಉಳ್ಳವರು ಕೂಡಿ ಕಂಪನಿ ಸ್ಥಾಪಿಸಿ ಮುಂದುವರಿಯುವುದಾದರೆ ಅದಕ್ಕೆ ನಮ್ಮ ಸಂಸ್ಥೆಯು ಮಾರ್ಗದರ್ಶನ ನೀಡಬೇಕು. ಯಂತ್ರದ ಆಯ್ಕೆ ಆಮೇಲಿನ ಮಾತು.

ಉಳಿದವರಿಗೆ ನನ್ನ ಸಲಹೆ ಬೇರೆ. ಇಂಚಿನ ಸಾವಿರದ ಭಾಗವನ್ನು ಹಿಡಿಯಬಲ್ಲ ಕೈಚಳಕ ನಮ್ಮ ಕಾರ್ಯಾಗಾರಗಳಲ್ಲಿ ಇದ್ದರೆ ಅದಕ್ಕೆ ಮನೆಯ ಮುಂದೆಯೇ ಕೆಲಸವಿದೆ. ಕಾಫಿ ಬೀಜವನ್ನು ದರ್ಜೆಗೆ ವಿಂಗಡಿಸುವುದೂ ಅಳತೆಯ ಕೆಲಸವೇ. ಜರಡಿಯ ಸಂಖ್ಯೆಯು ರಂಧ್ರದ ಅಗಲವನ್ನು ಇಂಚಿನ ಅರುವತ್ತನಾಲ್ಕನೆಯ ಭಾಗಗಳಲ್ಲಿ ಹೇಳುತ್ತದೆ. 18ನೆಯ ಜರಡಿ ಎಂದರೆ ಸುಮಾರು 7.1 ಮಿಲಿಮೀಟರ್, 15ನೆಯದು ಸುಮಾರು 6 ಮಿಲಿಮೀಟರ್. ಈ ಒಂದು ಮಿಲಿಮೀಟರಿನ ಅಂತರದಲ್ಲಿಯೇ ಬೀಜದ ದರ್ಜೆ ಮತ್ತು ಬೆಲೆ ಬದಲಾಗುತ್ತದೆ. 1996ರಲ್ಲಿ ಕಾಫಿ ಮಾರಾಟವು ಮಂಡಳಿಯ ಹಿಡಿತದಿಂದ ಪೂರ್ತಿ ಮುಕ್ತವಾದ ಮೇಲೆ ತನ್ನ ಬೀಜದ ದರ್ಜೆಯನ್ನು ತಾನೇ ತಿಳಿದು ಮಾರುವುದು ಬೆಳೆಗಾರನಿಗೂ ಅಗತ್ಯವಾಗಿದೆ. ಸಣ್ಣ ಬೆಳೆಗಾರನಿಗೆ ಒಗ್ಗುವ ಜರಡಿ, ಸವೆದ ಪಲ್ಪರಿನ ತಟ್ಟೆ, ಮೆಣಸು ಬಿಡಿಸುವ ಯಂತ್ರದ ಬಿಡಿಭಾಗ ಇವುಗಳ ಮೇಲೆ ಮೇಲಿನ ಮೂರು ಪ್ರಶ್ನೆಗಳನ್ನೇ ಕೇಳಿ ನೋಡಿ. ಕೆಲಸ ಇದೆ, ಆಯುಧ ಪರವಾನಗಿಯ ತೊಡಕಿಲ್ಲ, ಗಿರಾಕಿ ಪಕ್ಕದ ತೋಟದಲ್ಲಿಯೇ ಇದ್ದಾನೆ. ಲೆಕ್ಕವನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳಿಂದ ಹಾಕಿಕೊಳ್ಳಬೇಕು.

ವಾಣಿಜ್ಯ ಸಂಸ್ಥೆಯ ಮುಂದೆ ನಾನು ಮೂರು ಬೇಡಿಕೆಗಳನ್ನು ಇಡಬಯಸುತ್ತೇನೆ. ಮೊದಲನೆಯದಾಗಿ, ಜಿಲ್ಲೆಯಲ್ಲಿ ಹಾಗೂ ನೆರೆಯ ಜಿಲ್ಲೆಗಳಲ್ಲಿ ಪರವಾನಗಿ ಉಳ್ಳ ತೋಟೆ ಮಾರಾಟಗಾರರ ಮತ್ತು ಕೋವಿ ದುರಸ್ತಿಗಾರರ ಪಟ್ಟಿಯನ್ನು ಜಿಲ್ಲಾಡಳಿತದಿಂದ ಪಡೆದು ಪ್ರತಿ ವರ್ಷ ಪ್ರಕಟಿಸಬೇಕು. ಎರಡನೆಯದಾಗಿ, ಪರವಾನಗಿ ನವೀಕರಣದ ಅರ್ಜಿಗಳನ್ನು ನಿಗದಿತ ಅವಧಿಯೊಳಗೆ ವಿಲೇವಾರಿ ಮಾಡುವಂತೆಯೂ, ಬೆಳೆಹಾನಿ ಪರಿಹಾರವನ್ನು ಆಯಾ ಹಂಗಾಮಿನಲ್ಲಿಯೇ ಕೊಡುವಂತೆಯೂ ಬೆಳೆಗಾರರ ಸಂಘಗಳೊಡನೆ ಸೇರಿ ಸರ್ಕಾರವನ್ನು ಒತ್ತಾಯಿಸಬೇಕು. ಮೂರನೆಯದಾಗಿ, ಯಾವ ಯಂತ್ರಕ್ಕೆ ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಲು ಸದಸ್ಯರಿಗಾಗಿ ತಿಂಗಳಿಗೊಂದು ದಿನ ಸಲಹಾ ಕೂಟವನ್ನು ನಡೆಸಬೇಕು.

ಗುಂಡಿನ ಅಳತೆಯ ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಇಂದಿನ ಸ್ಥಿತಿಯಲ್ಲಿ ನಮ್ಮ ಸೀಮೆಯ ಯಾವ ಸಣ್ಣ ಉದ್ದಿಮೆದಾರನೂ ಅದನ್ನು ಕೊಳ್ಳಬಾರದು, ತರಿಸಬಾರದು, ಪರವಾನಗಿ ಇಲ್ಲದೆ ತಯಾರಿಸಲೂಬಾರದು. ಮೂರು ಮಾದರಿಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆಗೆ ನಾವು ತಲುಪುವುದೇ ಇಲ್ಲ; ಅದಕ್ಕಿಂತ ಮುಂಚಿನ ಮೂರು ಪ್ರಶ್ನೆಗಳಲ್ಲಿಯೇ ಯಂತ್ರವು ಅನುತ್ತೀರ್ಣವಾಗಿದೆ. ಮುಂದಿನ ಹಂಗಾಮಿಗೆ ಬೇರೆ ಯಾವುದಾದರೂ ಯಂತ್ರಕ್ಕೆ ಮುಂಗಡ ಕೊಡಲು ಹೊರಟಿರುವ ಸದಸ್ಯರು ಚೆಕ್ಕಿಗೆ ಸಹಿ ಮಾಡುವ ಮೊದಲು ಇದೇ ಮೂರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಅವುಗಳ ಎದುರಿಗೆ ತಮ್ಮ ಉತ್ತರವನ್ನೂ ಅಂಕಿಯನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.